ಅವ್ವನ ಮೊಣಕಾಲಿನ ಅಳತೆಗೊಂದು ಕಾರು

ನನ್ನ ಪುಸ್ತಕದ ಪೆಟ್ಟಿಗೆಯಲ್ಲಿ ಒಂದು ಕರಿ ಉಣ್ಣೆಯ ದಾರವಿದೆ. ಎರಡು ಗೇಣು ಉದ್ದ, ಎರಡು ತುದಿಗೆ ಎರಡು ಗಂಟು. ನನ್ನ ಅವ್ವನ ಎಡಗಾಲಿನ ಹಿಮ್ಮಡಿಯಿಂದ ಮೊಣಕಾಲಿನ ಹಿಂಬದಿಯವರೆಗಿನ ಅಳತೆ ಅದು. ನಯಾ ಪೈಸೆ ಬಂದ ವರ್ಷ ನಾನೂ ಅಣ್ಣನೂ ಆ ದಾರ ಹಿಡಿದುಕೊಂಡು ಶಿಕಾರಿಪುರ, ಸೊರಬ ಎರಡೂ ಊರಲ್ಲಿ ಕಾರು ನೋಡಿ ಬಂದೆವು. ಕಾರು ಸಿಕ್ಕಿತು. ಅವ್ವ ಈಗಲೂ ಅದರಲ್ಲೇ ಓಡಾಡುತ್ತಾಳೆ. ಆದರೂ ಆ ದಾರ ಕೈಗೆ ಸಿಕ್ಕಾಗಲೆಲ್ಲ ನನಗೆ ಮೊದಲು ನೆನಪಾಗುವುದು ಕೆರೆ ಏರಿಯ ಮೇಲೆ ಬಾಗಿಲು ತೆರೆದುಕೊಂಡ ಸದ್ದು.

ನಮ್ಮದು ಶಿಕಾರಿಪುರದ ಹತ್ತಿರ ಹೊಲ ಮಾಡಿಕೊಂಡು ಕುರಿ ಸಾಕುವ ಮನೆ. ಕಾರು ತರುವುದಕ್ಕೂ ಮೂರು ವರ್ಷ ಹಿಂದೆ ಅವ್ವ ಎತ್ತಿನ ಗಾಡಿಯಿಂದ ಬಿದ್ದು ಬಲಗಾಲು ಮುರಿದುಕೊಂಡಿದ್ದಳು. ನಾಟಿವೈದ್ಯರು ಬಿದಿರಿನ ದಬ್ಬೆ ಕಟ್ಟಿದರು. ಮೂಳೆ ಕೂಡಿತು, ಮೊಣಕಾಲು ಮಾತ್ರ ಮಡಚಲಿಲ್ಲ. ಒನಕೆಯ ಹಾಗೆ ನೆಟ್ಟಗೆ ನಿಂತುಬಿಟ್ಟಿತು. ಕೋಲು ಹಿಡಿದು ನಡೆಯುತ್ತಿದ್ದಳು, ಜಗಲಿಯ ಮೇಲೆ ಕಾಲು ಚಾಚಿ ಕೂತು ಉಣ್ಣೆ ನೂಲುತ್ತಿದ್ದಳು, ಸಂಜೆ ಹಟ್ಟಿಗೆ ಬರುವ ಕುರಿಗಳನ್ನು ಎಣಿಸುತ್ತಿದ್ದಳು. ಆಗದೇ ಇದ್ದದ್ದು ಎರಡೇ: ನೆಲದ ಮೇಲೆ ಕೂರುವುದು, ಬಸ್ಸು ಹತ್ತುವುದು.

ಬಸ್ಸು ಹತ್ತಲಾಗದಿದ್ದರೆ ಅಕ್ಕನ ಮನೆಗೆ ಹೋಗಲಾಗದು. ಅವ್ವನ ಅಕ್ಕ, ನಮ್ಮ ದೊಡ್ಡವ್ವ, ಇರುವುದು ಸೊರಬದ ಆಚೆ ಕುಬಟೂರಿನಲ್ಲಿ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು, ಎದುರು ಸಿಕ್ಕರೆ ಜಗಳವಾಡುವವರು, ಸಿಗದಿದ್ದರೆ ಊಟ ಸೇರದವರು.

ಒಂದು ರಜೆಯಲ್ಲಿ ನಾನೇ ಅವ್ವನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದೆ. ಹೋಗುವಾಗ ಹೇಗೋ ಆಯಿತು. ಬರುವಾಗ ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಮೆಟ್ಟಿಲ ಮುಂದೆ ನಿಂತು ಅವ್ವ ಎಡಗಾಲು ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಕಂಡಕ್ಟರಿಗೆ ಹೊತ್ತಾಗಿತ್ತು. ಒಳ್ಳೆಯ ಮನಸ್ಸಿನಿಂದಲೇ ಇರಬೇಕು, ಹಿಂದಿನಿಂದ ಬಂದು ಎರಡೂ ಕಂಕುಳಿಗೆ ಕೈಕೊಟ್ಟು ಅನಾಮತ್ತು ಎತ್ತಿ ಒಳಗಿಟ್ಟ. "ಮೂಟೆ ಬಂತು, ದಾರಿ ಬಿಡ್ರೀ!" ಅಂದ. ಬಸ್ಸೆಲ್ಲ ನಕ್ಕಿತು. ಅವ್ವನೂ ನಕ್ಕಳು. ಮನೆಗೆ ಬಂದು ಕೋಲು ಗೋಡೆಗೆ ಒರಗಿಸಿ ಹೇಳಿದಳು: "ಎತ್ತಿಸ್ಕಂಡು ಹೋಗದು ಮನುಷ್ಯಗೆ ಒಂದೇ ಸಲ. ಅದು ಬಂದಾಗ ನೋಡಾಣ. ಅಲ್ಲೀತನ ನಾನು ಹೊಸ್ತಿಲು ದಾಟಲ್ಲ."

ದಾಟಲಿಲ್ಲ. ಒಂದೂವರೆ ವರ್ಷ ಅವ್ವ ಮನೆ, ಹಟ್ಟಿ, ಜಗಲಿ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ದೊಡ್ಡವ್ವನ ಮೊಮ್ಮಗಳ ಮದುವೆಗೂ ಹೋಗಲಿಲ್ಲ.

ಅಣ್ಣ ಆಗ ಖಾಸಗಿ ಬಸ್ಸೊಂದರ ಡ್ರೈವರ್ ಕೆಲಸ ಬಿಟ್ಟು ಸ್ವಂತ ಬಾಡಿಗೆ ಕಾರು ಇಡುವ ಯೋಚನೆಯಲ್ಲಿದ್ದ. ಅವ್ವನ ಹತ್ತಿರ ಹೇಳಿದಾಗ ಅವಳು ಕದಿರು ತಿರುಗಿಸುವುದನ್ನು ನಿಲ್ಲಿಸಲೇ ಇಲ್ಲ.

"ತಗ. ಊರ ಮಂದೀನೆಲ್ಲ ಕೂರಿಸ್ಕ. ಆದ್ರೆ ಮೊದ್ಲು ನಾನು ಕೂರಂಗಿರಬೇಕು. ನಾನೇ ಕೂರಬೇಕು, ನಾನೇ ಏಳಬೇಕು."

"ಅವ್ವಾ, ಕಾರಂದ್ರೆ ಬಸ್ಸಲ್ಲ. ಮೆತ್ತಗಿರ್ತತಿ."

"ಮೆತ್ತಗಿರದು ಕೆಸರೂ ಇರ್ತತಿ," ಅಂದಳು. ಆಮೇಲೆ ನೂಲುತ್ತಿದ್ದ ಎಳೆಯನ್ನೇ ಎಡಗಾಲಿಗೆ ಹಿಡಿದು, ಎರಡು ಗಂಟು ಹಾಕಿ, ಹಲ್ಲಿನಲ್ಲಿ ಕತ್ತರಿಸಿ ನನ್ನ ಕೈಗೆ ಕೊಟ್ಟಳು. "ಸೀಟು ಇದಕ್ಕಿಂತ ತಗ್ಗಿದ್ರೆ ಏಳಕಾಗಲ್ಲ. ಎತ್ತರಿದ್ರೆ ಹತ್ತಕಾಗಲ್ಲ. ನೀನು ಓದಿದಾಕಿ, ಅಳದು ನೋಡು. ಇವನು ಬರೇ ಹಾರನ್ ನೋಡ್ತಾನ."

ನಾನು ಮೈಸೂರಿನಲ್ಲಿ ಓದಿ ಬಂದು ಶಿಕಾರಿಪುರದಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದೆ. ಅಳೆಯುವ ಕೆಲಸ ನನಗೆ ಹಿಗ್ಗು ತಂದಿತು.

ಮೊದಲು ನೋಡಿದ್ದು ಶಿಕಾರಿಪುರದಲ್ಲೇ, ಒಂದು ಜೀಪು. ದಾರ ಹಿಡಿಯುವ ಮೊದಲೇ ಗೊತ್ತಾಯಿತು. ಸೀಟು ಅವ್ವನ ಸೊಂಟದ ಎತ್ತರಕ್ಕಿತ್ತು. ಅಣ್ಣನಿಗೆ ಜೀಪಿನ ಮೇಲೆ ಆಸೆ. ಕಾಲಿಡಲು ಒಂದು ಪೆಟ್ಟಿಗೆ ಮಾಡಿಸೋಣ ಅಂದ. "ಪೆಟ್ಟಿಗೆ ಯಾರು ಇಡ್ತಾರೆ, ಯಾರು ತೆಗೀತಾರೆ? ಅದೂ ಎತ್ತಿಸಿಕೊಂಡ ಹಾಗೇ ಆಯ್ತಲ್ಲ," ಅಂದೆ. ಜೀಪು ಬಿಟ್ಟೆವು.

ಎರಡನೆಯದು ಸೊರಬಕ್ಕೆ ಹೋಗಿ ನೋಡಿದ, ಅಲ್ಲಿನ ಜಮೀನುದಾರರೊಬ್ಬರ ಹಳೆಯ ವಿಲಾಯ್ತಿ ಕಾರು. ಹಡಗಿನಂತಿತ್ತು. ಬಾಗಿಲ ಕೆಳಗೆ ಅಗಲದ ಕಾಲ್ಮೆಟ್ಟು, ಸೀಟಿಗೆ ಕೆಂಪು ಚರ್ಮ. ಅದನ್ನು ಅವರು ಯಾವುದೋ ಕೆಲಸಕ್ಕೆ ಶಿಕಾರಿಪುರಕ್ಕೆ ತಂದಿದ್ದ ದಿನ ನಮ್ಮ ಮನೆ ಮುಂದೆಯೇ ನಿಲ್ಲಿಸಿ ಅವ್ವನಿಗೆ ತೋರಿಸಿದೆವು. ಅವ್ವ ಕಾಲ್ಮೆಟ್ಟಿನ ಮೇಲೆ ಎಡಗಾಲಿಟ್ಟು ಸೀಟಿಗೆ ಕೂತಳು. ಕೂತವಳು ಹಾಗೇ ಒಳಕ್ಕೆ ಇಳಿದುಹೋದಳು. ಸ್ಪ್ರಿಂಗುಗಳೆಲ್ಲ ಸತ್ತಿದ್ದವು. ದಾರ ಹಿಡಿದರೆ ಸೀಟು ಸರಿಯಾಗಿದೆ, ಅವ್ವ ಕೂತ ಮೇಲೆ ಹಿಡಿದರೆ ಅರ್ಧ ಗೇಣು ತಗ್ಗು. ಖಾಲಿ ಸೀಟನ್ನು ಅಳೆದರೆ ಸಾಲದು, ಕೂತವರ ಕೆಳಗೆ ಅಳೆಯಬೇಕು ಎಂದು ನಾನು ಆ ದಿನ ಕಲಿತೆ.

"ಏಳವ್ವಾ," ಅಂದ ಅಣ್ಣ.

"ಎಲ್ಲಿಂದ ಏಳ್ಲಿ? ನಾಟಿ ಗದ್ದೇಲಿ ಹೂತ ಎಮ್ಮೆ ಆಗೀನಿ." ಸೀಟನ್ನು ಕೈಯಿಂದ ಒತ್ತಿದಳು, ಕೈಯೂ ಹೂತಿತು. ಹದಿನೈದು ನಿಮಿಷ ಒದ್ದಾಡಿದಳು. ನಾವು ಹತ್ತಿರ ಹೋದರೆ ಕೋಲು ಎತ್ತಿದಳು. ಕೊನೆಗೆ ಬಾಗಿಲ ಮೇಲಿನ ಅಂಚು ಹಿಡಿದು ಎದ್ದು ನಿಂತವಳು ಜಮೀನುದಾರರಿಗೆ ಕೈಮುಗಿದಳು. "ಕಾರು ಭಾಳ ಚಂದ ಐತ್ರೀ ಯಜಮಾನ್ರೇ. ಕೂತ್ರೆ ಬಿಡಾದೇ ಇಲ್ಲ ಅಂತತಿ." ಅವರೂ ನಕ್ಕರು.

ಮೂರನೆಯದು ಶಿಕಾರಿಪುರ ಬಿಟ್ಟು ಹೋಗುತ್ತಿದ್ದ ಡಾಕ್ಟರೊಬ್ಬರ ಸಣ್ಣ ಕಾರು. ನಾಲ್ಕು ಬಾಗಿಲು, ಮುಂದೆ ಒಂದೇ ಉದ್ದನೆಯ ಗಟ್ಟಿ ಸೀಟು. ಅದರ ವಿಶೇಷ ಮುಂದಿನ ಬಾಗಿಲುಗಳು. ಎಲ್ಲ ಕಾರುಗಳ ಬಾಗಿಲಿಗೆ ಕೀಲು ಮುಂದೆ ಇದ್ದರೆ ಇದಕ್ಕೆ ಹಿಂದೆ. ಬಾಗಿಲು ಹಿಂದಕ್ಕೆ ತೆರೆದುಕೊಳ್ಳುತ್ತಿತ್ತು, ಮುಂದೆ ಕಾಲು ಆಡಿಸಲು ಬಯಲಾಗುತ್ತಿತ್ತು. ನಾನು ಅದನ್ನು ನೋಡಿದ ಕೂಡಲೇ ಮನಸ್ಸಿನಲ್ಲಿ ಅವ್ವನನ್ನು ಕೂರಿಸಿಬಿಟ್ಟೆ: ಬೆನ್ನು ಕಾರಿಗೆ ಮಾಡಿ ನಿಲ್ಲುವುದು, ಜಗಲಿಗೆ ಕೂರುವ ಹಾಗೆ ಕೂರುವುದು, ಸ್ವಲ್ಪ ಒಳಗೆ ಸರಿದು ನೆಟ್ಟಗಿನ ಕಾಲನ್ನು ಮುಂದಕ್ಕೆ ತಿರುಗಿಸಿ ಒಳಗೆಳೆದುಕೊಳ್ಳುವುದು. ಅಡ್ಡಕ್ಕೆ ಬಾಗಿಲೇ ಇಲ್ಲ!

ಮೇಸ್ತ್ರಿಯೊಬ್ಬರು ಇಂಜಿನ್ ನೋಡಲು ಜೊತೆಗೆ ಬಂದಿದ್ದರು. ಅವರು ಬಾಗಿಲನ್ನು ಎರಡು ಸಲ ಹಾಕಿ ತೆಗೆದು ಹೇಳಿದರು: "ಅಕ್ಕಾರೇ, ಈ ಬಾಗ್ಲು ಗಾಳಿಗೆ ಎದುರು ತೆರಿತತಿ. ಹಾಕುವಾಗ ಟಕ್ ಅಂತ ಒಂದು ಸದ್ದು ಬರ್ತತಿ, ಅದನ್ನ ನಂಬಬ್ಯಾಡ್ರಿ. ಎರಡನೇ ಟಕ್ ಬರಬೇಕು."

ನಾನು ತಲೆಯಾಡಿಸಿದೆ. ಮಕ್ಕಳಿಗೆ ಸನ್ನೆಗೋಲಿನ ಪಾಠ ಮಾಡುವಾಗ ಕೀಲಿನಿಂದ ದೂರವಿದ್ದಷ್ಟೂ ತಳ್ಳುವುದು ಸುಲಭ ಎಂದು ಬಾಗಿಲನ್ನೇ ತೋರಿಸುತ್ತಿದ್ದವಳು ನಾನು. ಆದರೆ ಆ ಹೊತ್ತಿಗೆ ನನ್ನ ಗಮನ ದಾರದ ಮೇಲಿತ್ತು. ಸೀಟು ನಾಲ್ಕು ಬೆರಳು ತಗ್ಗು ಬರುತ್ತಿತ್ತು.

ಅದಕ್ಕೆ ಉಪಾಯ ಅವ್ವನೇ ಹೇಳಿದಳು. "ಕಂಬಳಿ ಹಾಸ್ರಿ."

ನಮ್ಮ ಮನೆಗಳಲ್ಲಿ ದೇವರ ಕಾರ್ಯಕ್ಕೆ ಕರಿ ಕಂಬಳಿಯನ್ನು ಮಡಿಸಿ ಗದ್ದಿಗೆ ಹಾಕುತ್ತೇವೆ. ದೇವರು ಕೂರುವುದು ಅದರ ಮೇಲೆ, ಮನೆಗೆ ಬಂದ ಹಿರಿಯರನ್ನು ಕೂರಿಸುವುದೂ ಅದರ ಮೇಲೆ. ಅವ್ವ ತಾನೇ ನೂತು ನೇಯಿಸಿದ ಕಂಬಳಿಯನ್ನು ಪೆಟ್ಟಿಗೆಯಿಂದ ತೆಗೆಸಿದಳು. ಮಡಿಸಿ ಹಾಸಿದೆ. ಕೂರಿಸಿ ದಾರ ಹಿಡಿದೆ. ಗಂಟಿನಿಂದ ಗಂಟಿಗೆ ಸರಿಯಾಗಿ ಬಂತು. ಒರಟು ಉಣ್ಣೆಯಾದ್ದರಿಂದ ರೆಕ್ಸಿನ್ ಸೀಟಿನ ಮೇಲೆ ಜಾರುವ ಭಯವೂ ಇರಲಿಲ್ಲ. ಗದ್ದಿಗೆ ಕಂಬಳಿಗೆ ನಮ್ಮಲ್ಲಿ ಒಂದು ಕಟ್ಟು ಇದೆ: ಅದರ ತುದಿಗಳನ್ನು ಒಳಗೆ ಮಡಚಬಾರದು, ಎರಡೂ ಪಕ್ಕಕ್ಕೆ ಇಳಿಬಿಟ್ಟಿರಬೇಕು. ಮಡಚಿದರೆ ಕೂತವರಿಗೆ 'ಏಳು' ಎಂದ ಹಾಗೆ. ನಾನು ಕಾಲೇಜು ಓದಿದವಳು, ಇಂಥದ್ದನ್ನು ನಂಬುವವಳಲ್ಲ. ಆದರೂ ಇಳಿಬಿಟ್ಟೆ. ಕೈಗೆ ಅದೇ ರೂಢಿ.

ಕಾರು ಕೊಂಡೆವು. ಕುಬಟೂರಿಗೆ ಹೊರಟದ್ದು ಸುಗ್ಗಿ ಮುಗಿದ ಮೇಲೆ, ಒಂದು ಬೆಳಿಗ್ಗೆ. ಅಕ್ಕಪಕ್ಕದವರೆಲ್ಲ ನಿಂತಿದ್ದರು. ಅವ್ವ ಕಾರಿಗೆ ಬೆನ್ನು ಮಾಡಿ ನಿಂತಳು, ಕೂತಳು, ಸರಿದಳು, ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ತಂದುಕೊಂಡಳು. ಯಾರೂ ಮುಟ್ಟಲಿಲ್ಲ. "ಏನಬೇ, ಮದಲಗಿತ್ತಿ ಹಂಗೆ ಕೂತೀಯಲ್ಲ!" ಎಂದು ಪಕ್ಕದ ಮನೆಯ ಅಜ್ಜಿ ಕೂಗಿದಳು. "ನಿನಗೆ ಹೊಟ್ಟೆಕಿಚ್ಚು ಮುದುಕಿ, ಬಾ, ಡಿಕ್ಕಿ ಖಾಲಿ ಐತಿ," ಅಂದಳು ಅವ್ವ. ಎಲ್ಲರೂ ನಕ್ಕರು. ನಾನೂ ನಗುತ್ತಲೇ ಬಾಗಿಲು ತಳ್ಳಿದೆ. ಟಕ್ ಅಂತು. ಬಿಗಿಯಾಗಿ ಕೂತ ಹಾಗಿತ್ತು. ನಾನು ಹಿಂದಿನ ಸೀಟಿನಲ್ಲಿ, ಅವ್ವನ ಹಿಂದೆಯೇ ಕೂತೆ.

ಆ ಒಂದು ಟಕ್ಕನ್ನು ನಾನು ಎಷ್ಟು ಸಾವಿರ ಸಲ ಕೇಳಿಸಿಕೊಂಡಿದ್ದೇನೋ.

ಶಿರಾಳಕೊಪ್ಪ ದಾಟುವವರೆಗೆ ಅವ್ವ ಸುಮ್ಮನಿರಲಿಲ್ಲ. ಯಾರ ಹೊಲದಲ್ಲಿ ಕಣ ಮುಗಿದಿದೆ, ಯಾರ ಕುರಿ ಬಡಕಲಾಗಿವೆ, ಎಲ್ಲ ನೋಡಿ ಹೇಳುತ್ತಿದ್ದಳು. ಒಂದೂವರೆ ವರ್ಷದ ನಂತರ ನೋಡುತ್ತಿದ್ದ ರಸ್ತೆ. ಮುಂದೆ ಒಂದು ಕೆರೆ ಏರಿ ಬಂತು. ರಸ್ತೆ ಏರಿಯ ಮೇಲೇ ಹೋಗುತ್ತದೆ. ಎಡಕ್ಕೆ ಕಲ್ಲು ಕಟ್ಟಿದ ಇಳಿಜಾರು, ಅದರ ಕೆಳಗೆ ತುಂಬಿದ ನೀರು. ಏರಿ ಬಲಕ್ಕೆ ತಿರುಗುವಲ್ಲಿ ಹುಲ್ಲಿನ ಗಾಡಿಯೊಂದು ಎದುರಿಗೆ ಬಂತು. ಅಣ್ಣ ಎಡ ಅಂಚಿಗೆ ಸರಿದು ದಾಟಿಸಿದ, ಮತ್ತೆ ತಿರುವಿಗೆ ಬಲಕ್ಕೆ ಎಳೆದ. ಚಕ್ರ ಒಂದು ಗುಂಡಿಗೆ ಬಿತ್ತು.

ಬಾಗಿಲು ತೆರೆದುಕೊಂಡಿತು. ತೆರೆದುಕೊಂಡಿತು ಅಂದರೆ ಸಾಲದು. ಗಾಳಿ ಅದನ್ನು ಕಿತ್ತುಕೊಂಡ ಹಾಗೆ ಹಿಂದಕ್ಕೆ ಬಡಿಯಿತು. ನನ್ನ ಕಿಟಕಿಯ ಪಕ್ಕದಲ್ಲಿ ತಗಡು ತಗಡಿಗೆ ಹೊಡೆದ ಸದ್ದು. ಅವ್ವನ ಎಡ ಭುಜ ಕಾರಿನ ಹೊರಗಿತ್ತು. ಅವಳ ತಲೆಯ ಆಚೆ ಕಲ್ಲುಗಳು ಓಡುತ್ತಿದ್ದವು, ಕಲ್ಲುಗಳ ಆಚೆ ನೀರು ಹೊಳೆಯುತ್ತಿತ್ತು. ನಾನು ಕೈ ಚಾಚಿದೆ. ಕೈಗೆ ಸಿಕ್ಕಿದ್ದನ್ನು ಹಿಡಿದೆ. ಕಣ್ಣು ಮುಚ್ಚಿಕೊಂಡಿದ್ದೆ.

ಕಾರು ನಿಂತ ಮೇಲೆ ಕಣ್ಣು ಬಿಟ್ಟರೆ ನನ್ನ ಮುಷ್ಟಿಯಲ್ಲಿದ್ದದ್ದು ಅವ್ವನ ತೋಳಲ್ಲ, ಸೆರಗೂ ಅಲ್ಲ. ಕಂಬಳಿಯ ಅಂಚು. ಅವ್ವ ಇನ್ನೂ ಸೀಟಿನ ಮೇಲೇ ಇದ್ದಳು. ಅವಳನ್ನು ಹಿಡಿದದ್ದು ನಾನಲ್ಲ, ಅವಳ ಮಡಚದ ಕಾಲು. ಅದು ಓರೆಯಾಗಿ ಹೋಗಿ ಬಾಗಿಲಿನ ಮುಂದಿನ ಕಂಬದ ಬುಡಕ್ಕೆ ಅಂಗಾಲು ಕೊಟ್ಟು ಅಡ್ಡಗೋಲಿನಂತೆ ನಿಂತಿತ್ತು. ಮೊಣಕಾಲು ಮಡಚುವಂತಿದ್ದರೆ ಮಡಚಿಕೊಂಡು ಜಾರಿಬಿಡುತ್ತಿದ್ದಳು.

ಅಣ್ಣ ಇಳಿದು ಸುತ್ತಿ ಬಂದ. ಬಾಗಿಲನ್ನು ಒದ್ದ. "ದರಿದ್ರ ಬಾಗ್ಲು! ನಾಳೇನೆ ಈ ಕಾರು ಮಾರ್ತೀನಿ. ನಡಿ, ಮನೀಗೆ ಹೋಗಾಣ. ಇನ್ನ ಮ್ಯಾಲೆ ಇದರಾಗೆ ಅವ್ವನ್ನ ಕೂರಿಸಿದ್ರೆ ಕೇಳು."

ಅವ್ವ ಸೀಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನೀರನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ನನಗೆ ಕಂಡದ್ದು ಹೆದರಿಕೆಯಲ್ಲ. ಬಸ್ಸಿನಿಂದ ಇಳಿದು ಬಂದ ದಿನ ಗೋಡೆಗೆ ಕೋಲು ಒರಗಿಸಿದಾಗ ಇದ್ದ ಮುಖ. ಕಾರು ಹೋದರೆ ಕುಬಟೂರೂ ಹೋಯಿತು ಎಂದು ಅವಳಿಗೆ ಗೊತ್ತಾಗಿತ್ತು.

ಆಗ ನಾನು ಕಂಬಳಿಯ ತುದಿ ನೋಡಿದೆ. ಬಾಗಿಲ ಕಡೆಗೆ ಇಳಿಬಿಟ್ಟಿದ್ದ ತುದಿಯಲ್ಲಿ ಒಂದು ಗೆರೆ ಒತ್ತಿ ಮೂಡಿತ್ತು. ಗೆರೆಯಿಂದ ಈಚೆ ಕಂಬಳಿ ಕರ್ರಗಿತ್ತು, ಆಚೆ ನಾಲ್ಕು ಬೆರಳಿನಷ್ಟು ರಸ್ತೆಯ ಕೆಂಧೂಳು. ಅಷ್ಟು ಭಾಗ ಮನೆಯಿಂದ ಇಲ್ಲಿಯವರೆಗೆ ಬಾಗಿಲ ಹೊರಗಿತ್ತು. ದಪ್ಪ ಕಂಬಳಿ ಮಧ್ಯೆ ಸಿಕ್ಕಿದ್ದರಿಂದ ಬಾಗಿಲು ಪೂರ್ತಿ ಕೂತಿರಲಿಲ್ಲ. ಮೊದಲನೇ ಟಕ್ ಮಾತ್ರ ಬಂದಿತ್ತು. ಎರಡನೆಯದಕ್ಕೆ ನಾನು ಕಾದಿರಲಿಲ್ಲ.

ಸುಮ್ಮನಿದ್ದಿದ್ದರೆ ತಪ್ಪು ಬಾಗಿಲಿನದಾಗುತ್ತಿತ್ತು. ಒಂದು ಗಳಿಗೆ ಸುಮ್ಮನಿದ್ದೆ ಕೂಡ. ಅದನ್ನು ಇಲ್ಲಿ ಬರೆಯದೆ ಬಿಟ್ಟರೆ ಉಳಿದದ್ದು ಬರೆದೂ ಉಪಯೋಗವಿಲ್ಲ.

"ಅಣ್ಣಾ, ಬಾಗಿಲಿನದಲ್ಲ. ನನ್ನದು," ಅಂದೆ. ಕಂಬಳಿಯ ತುದಿ ಎತ್ತಿ ತೋರಿಸಿದೆ. ಮೇಸ್ತ್ರಿ ಹೇಳಿದ ಮಾತನ್ನೂ ಹೇಳಿದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂತು.

ಅಣ್ಣ ಬೈಯಲು ಬಾಯಿ ತೆರೆದ. ಅವ್ವ ಕೈ ಎತ್ತಿದಳು. ಕಂಬಳಿಯ ತುದಿಯನ್ನು ತನ್ನ ಕಡೆ ಎಳೆದುಕೊಂಡು ಆ ಗೆರೆಯನ್ನು ಬೆರಳಿನಿಂದ ಸವರಿದಳು. ಧೂಳು ಕೊಡವಿದಳು. ಆಮೇಲೆ ಆ ತುದಿಯನ್ನು ಒಳಕ್ಕೆ ಮಡಚಿ ತೊಡೆಯ ಕೆಳಗೆ ತುರುಕಿಕೊಂಡಳು. ಇನ್ನೊಂದು ಪಕ್ಕದ್ದನ್ನೂ ಹಾಗೇ ಮಾಡಿದಳು.

"ಅವ್ವಾ, ಗದ್ದಿಗೆ..." ಅಂದ ಅಣ್ಣ.

"ಆ ಮಾತು ದೇವ್ರು ಕೂರೋ ಗದ್ದಿಗೀಗೆ. ನಾನೇನು ದೇವ್ರೇನೋ? ದೇವ್ರಾಗಿದ್ರೆ ಮೊಣಕಾಲು ಮಡಚ್ತಿತ್ತು." ಅಣ್ಣನ ಕಡೆ ತಿರುಗಿದಳು. "ಕಾರು ಮಾರೋನು ನೀನ್ಯಾರು? ನನ್ನ ಕಾಲಿಗೆ ಅಳದು ತಂದಿದ್ದು. ಒಬ್ಬನು ಒದೀತಾನ, ಒಬ್ಬಾಕಿ ಅಳ್ತಾಳ. ಹೊತ್ತಾತು, ನಡೀರಿ. ಅಕ್ಕ ರೊಟ್ಟಿ ತಟ್ಟಿ ಆರಿಸ್ತಿರ್ತಾಳ."

"ಬಾಗಿಲು ಅಣ್ಣ ಹಾಕಲಿ," ಅಂದೆ.

"ನೀನೇ ಹಾಕು."

ತಳ್ಳಿದೆ. ಟಕ್. ನಿಂತೆ. ಸೊಂಟ ಕೊಟ್ಟು ಮತ್ತೆ ತಳ್ಳಿದೆ. ಟಕ್. ಹಿಡಿ ಹಿಡಿದು ಎಳೆದು ನೋಡಿದೆ. ಅವ್ವ ಒಳಗಿನಿಂದ ಕೋಲಿನಲ್ಲಿ ಬಾಗಿಲನ್ನು ಕುಟ್ಟಿ, "ಸಾಕು, ಇನ್ನ ಎಳದ್ರೆ ಕಿತ್ತು ಕೈಗೆ ಬರ್ತತಿ," ಅಂದಳು. ಅಲ್ಲಿಂದ ಸೊರಬದವರೆಗೆ ನಾನು ಹಿಂದಿನಿಂದ ಎರಡೂ ಕೈಯಲ್ಲಿ ಅವ್ವನ ತೋಳು ಹಿಡಿದುಕೊಂಡೇ ಕೂತಿದ್ದೆ. ಬಿಡು ಅನ್ನಲಿಲ್ಲ.

ಸೊರಬದಲ್ಲಿ ಅಣ್ಣ ಕಮ್ಮಾರನೊಬ್ಬನ ಹತ್ತಿರ ನಿಲ್ಲಿಸಿ ಮನೆ ಬಾಗಿಲಿಗೆ ಹಾಕುವಂಥ ಒಂದು ಕಬ್ಬಿಣದ ಚಿಲಕವನ್ನು ಕಾರಿನ ಬಾಗಿಲಿಗೆ ಒಳಗಿನಿಂದ ಹೊಡೆಸಿದ. ಕಮ್ಮಾರ, "ಕಾರಿಗೆ ಕಳ್ಳರು ಬರ್ತಾರಾ?" ಅಂದ. "ಕಳ್ಳರಲ್ಲಪ್ಪ, ಒಳಗಿರೋರು ಹೊರಗೆ ಹೋಗ್ತಾರೆ," ಅಂದಳು ಅವ್ವ. ಆ ಚಿಲಕ ಈಗಲೂ ಇದೆ. ಬಾಡಿಗೆಗೆ ಬಂದವರು ನೋಡಿ ನಗುತ್ತಾರೆ. ಆದರೆ ಮಂಡಿನೋವಿನವರು, ಬಾಣಂತಿಯರು, ವಯಸ್ಸಾದವರು ಎಲ್ಲರೂ ಈ ಕಾರನ್ನೇ ಕೇಳಿ ಕಳಿಸುತ್ತಾರೆ. ಕಂಬಳಿ ಹಾಸಲು ಹೇಳುವವರೂ ಇದ್ದಾರೆ.

ಕುಬಟೂರು ಮುಟ್ಟಿದಾಗ ಬಿಸಿಲು ಏರಿತ್ತು. ದೊಡ್ಡವ್ವ ಮನೆ ಮುಂದೆ ನಿಂತಿದ್ದಳು. ಕಾರು ನಿಂತ ಕೂಡಲೇ ಸೊಸೆಯನ್ನೂ ಮಗನನ್ನೂ ಕರೆದಳು: "ಬರ್ರೇ, ಹಿಡ್ಕಳ್ರೇ!"

"ಯಾರೂ ಮುಟ್ಟಬ್ಯಾಡ್ರಿ," ಅಂದಳು ಅವ್ವ ಒಳಗಿನಿಂದ. ಚಿಲಕ ತೆಗೆದಳು. ಬಾಗಿಲು ಹಿಂದಕ್ಕೆ ಹೋಯಿತು. ನೆಟ್ಟಗಿನ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಹೊರಗೆ ತಿರುಗಿಸಿದಳು, ಎಡಗಾಲನ್ನು ನೆಲಕ್ಕೆ ಇಟ್ಟಳು. ಇಟ್ಟದ್ದು ಇಟ್ಟ ಹಾಗೆ ಕೂತಿತು, ಬೆರಳು ತುದಿಯಲ್ಲಿ ಅಲ್ಲ, ಪೂರ್ತಿ ಅಂಗಾಲು. ಗಟ್ಟಿ ಸೀಟಿಗೆ ಒಂದು ಕೈ, ಕೋಲಿಗೆ ಒಂದು ಕೈ ಕೊಟ್ಟು ಎದ್ದು ನಿಂತಳು. ನಿಂತವಳು ಹಿಂದಕ್ಕೆ ತಿರುಗಿ ಕಂಬಳಿಯ ತುದಿಗಳು ಒಳಗಿವೆಯೋ ಎಂದು ನೋಡಿದಳು.

"ಬಾಳ ಸೊರಗೀಯಲ್ಲೇ," ಅಂದಳು ದೊಡ್ಡವ್ವ.

"ನೀನೇನು ಕೊಬ್ಬೀಯಾ? ಮದ್ವಿ ಮಾಡಿದೆ, ಒಂದು ಲಾಡು ಕಳಿಸ್ಲಿಲ್ಲ."

"ನೀನು ಬಂದ್ರೆ ತಾನೇ ಕೊಡದು!"

ಜಗಳ ಶುರುವಾಯಿತು. ನಾನು ಕಾರಿನ ಪಕ್ಕದಲ್ಲೇ ನಿಂತಿದ್ದೆ. ಒಳಗೆ ಹೋಗುವ ಮೊದಲು ಅವ್ವ ಕೋಲಿನಿಂದ ನನಗೆ ಬಾಗಿಲು ತೋರಿಸಿದಳು. ನಾನು ಅದನ್ನು ಹಾಕಿದೆ. ಇಬ್ಬರೂ ಮಾತು ನಿಲ್ಲಿಸಿದರು. ಎರಡನೇ ಟಕ್ ಕೇಳಿದ ಮೇಲೆ ಅವ್ವ ಅಕ್ಕನ ಕಡೆ ತಿರುಗಿ, "ಹೂಂ, ಲಾಡಿನ ವಿಷ್ಯ ಹೇಳು," ಅಂದಳು.